ಒಂದು ಗೇಣು ಖಾಲಿ ಜಾಗ

ಪ್ರಯೋಗಾಲಯದ ಮೇಲಿನ ಕೋಣೆ
ಮಾರ್ಚ್ ೧೪, ಗುರುವಾರ

ಪ್ರೀತಿಯ ಪುಟ್ಟೂ,

ಬೆನ್ನು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ನಿನ್ನ ಸೊಂಟದ ಮೇಲಿದೆಯೋ, ಬಾಗಿಲ ಹಿಂದಿನ ಮೊಳೆಯ ಮೇಲಿದೆಯೋ? ನಿಜ ಹೇಳು. ಅಮ್ಮ ಚೆನ್ನಾಗಿದ್ದಾಳೆ. ಹೊಸ ಕನ್ನಡಕ ಬಂದ ಮೇಲೆ ನನ್ನ ಅಡುಗೆಮನೆಯ ಜಿಡ್ಡೆಲ್ಲ ಅವಳ ಕಣ್ಣಿಗೆ ಬೀಳುತ್ತಿದೆ, ನನಗಿನ್ನು ಉಳಿಗಾಲವಿಲ್ಲ. ಕಾರ್ಖಾನೆಯ ಗೇಟಿನಲ್ಲಿ ನಿನ್ನ ಫೋನು ಕಿತ್ತಿಟ್ಟುಕೊಳ್ಳುತ್ತಾರೆ, ಕ್ವಾರ್ಟರ್ಸಿನಲ್ಲಿ ಸಿಗ್ನಲ್ ಬರುವುದಿಲ್ಲ; ಅದರಿಂದಾಗಿ ಈ ವಯಸ್ಸಿನಲ್ಲಿ ಕಾಗದ ಬರೆಯಲು ಕಲಿತೆ. ಇಲ್ಲಿಂದ ನಿಮ್ಮ ಕಾರ್ಖಾನೆಗೆ ಸಾಮಾನು ಒಯ್ಯುವ ಸಂಜೆಯ ವ್ಯಾನಿನಲ್ಲಿ ಕಳಿಸುತ್ತೇನೆ.

ಸೋಮವಾರ ನಿಮ್ಮ ದೊಡ್ಡ ರಿಯಾಕ್ಟರಿಗೆ ನಾನು ಮಾಡಿದ ವೇಗವರ್ಧಕ, ಆ ಹಳದಿ ಪುಡಿ, ತುಂಬುವ ದಿನ. ಅದಕ್ಕಾಗಿ ಮ್ಯಾನೇಜರ ಹತ್ತಿರ ಎಷ್ಟು ಗುದ್ದಾಡಿದೆಯೋ ನನಗೆ ಗೊತ್ತು. “ಅಕ್ಕ ಮಾಡಿದ್ದು ಸಾರ್, ಕಣ್ಮುಚ್ಕೊಂಡು ನಂಬಬಹುದು” ಅಂದೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಕಣ್ಣು ಮುಚ್ಚುವುದಕ್ಕೇ ಆಗುತ್ತಿಲ್ಲ.

ಪುಡಿಯ ಕೆಲಸ ನಿನಗೆ ತಿಳಿದದ್ದೇ. ಪ್ರೊಪೇನ್ ಅನಿಲ ಹಾದುಹೋಗುವಾಗ ಪುಡಿಯಲ್ಲಿರುವ ಲೋಹದ ಆಕ್ಸೈಡು ತನ್ನ ಆಮ್ಲಜನಕ ಕೊಟ್ಟು ಅದರಿಂದ ಎರಡು ಹೈಡ್ರೋಜನ್ ತೆಗೆಯಬೇಕು, ನಮಗೆ ಬೇಕಾದ ಪ್ರೊಪೀನ್ ಆಯಿತೋ ಕೈಬಿಡಬೇಕು. ಬಿಡದಿದ್ದರೆ ಎಲ್ಲ ಸುಟ್ಟುಹೋಗುತ್ತದೆ. ಕೊಟ್ಟ ಆಮ್ಲಜನಕವನ್ನು ಜೊತೆಯಲ್ಲಿ ಬರುವ ಗಾಳಿ ಮತ್ತೆ ತುಂಬುತ್ತದೆ. ಇಲ್ಲಿನ ಪರೀಕ್ಷೆಯ ಕೊಳವೆಯಲ್ಲಿ ಈ ಸಲದ ಫಲಿತಾಂಶ ಬಹಳ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ ಅನ್ನಿಸಿ, ನಿನ್ನೆ ಪುಡಿಯೇ ಇಲ್ಲದೆ ಕೊಳವೆ ಕಾಯಿಸಿ ಅನಿಲ ಬಿಟ್ಟೆ. ಆಗಲೂ ಪ್ರೊಪೀನ್ ಬಂತು! “ಖಾಲಿ ಕೊಳವೇನೇ ಇಷ್ಟು ದುಡಿದ್ರೆ ನಮಗ್ಯಾಕೆ ಸಂಬಳ ಕೊಡ್ತಾರೆ ಕಣೇ?” ಅಂದಳು ಪಕ್ಕದ ಮೇಜಿನ ಗೆಳತಿ. ನಕ್ಕೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತೆ.

ಪುಡಿಯ ಮೇಲಿನ ಜಾಗ ಖಾಲಿ ಉಳಿಯದಂತೆ, ಯಾವುದರ ಜೊತೆಗೂ ಬೆರೆಯದ ಕ್ವಾರ್ಟ್ಜ್ ಕಲ್ಲಿನ ಚೂರು ತುಂಬುವುದು ನಮ್ಮ ರೂಢಿ. ಹೊಸ ಕೊಳವೆ ಉದ್ದ, ನಾವು ಸುರಿದದ್ದು ಹಳೆಯ ಅಳತೆ. ಒಂದು ಗೇಣು ಖಾಲಿ ಉಳಿಯಿತು. ಬಿಸಿ ಅನಿಲ ಅಲ್ಲೇ ತಾನಾಗಿ ಪ್ರೊಪೀನ್ ಆಗುತ್ತಿತ್ತು. ದುಡಿದವರು ಯಾರೋ, ಹೆಸರು ಯಾರಿಗೋ. ಆ ಗೇಣನ್ನೂ ತುಂಬಿಸಿ ನೋಡಿದರೆ ಪುಡಿ ಸಾಧಾರಣ, ಅಷ್ಟೇ.

ನಿಮ್ಮ ರಿಯಾಕ್ಟರಿನಲ್ಲಿ ಅಂಥ ಖಾಲಿ ಜಾಗ ಎಷ್ಟಿದೆ? ಗಾಳಿಯೂ ಪ್ರೊಪೇನೂ ಸೇರಿರುವಾಗ ಅಲ್ಲಿ ಬಿಸಿ ಏರಿಬಿಟ್ಟರೆ, ಎದುರಿಗೆ ನಿಂತಿರುವವನು ನೀನು. ನಾನು ಅತಿಯಾಗಿ ಹೆದರುತ್ತಿದ್ದೇನೆಯೇ? ಸೋಮವಾರದ ಕೆಲಸ ನಿಲ್ಲಿಸಿ ನೀನು ಎಲ್ಲರೆದುರು ತಲೆ ತಗ್ಗಿಸುವಂತೆ ಮಾಡುವಷ್ಟು ಖಚಿತವಾಗಿ ನನಗೆ ಗೊತ್ತಿದೆಯೇ? ಅಲ್ಲಿರುವವನು ತಮ್ಮನಲ್ಲದಿದ್ದರೆ ಇಷ್ಟು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆನೇ? ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಮನಸ್ಸಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ಅಮ್ಮ ನಿನ್ನ ತಲೆ ಸವರಿದ್ದಾಳೆ ಎಂದುಕೋ.

ನೀನೇ ಹೆಸರಿಟ್ಟ,
ಪ್ರಶ್ನೆಪತ್ರಿಕೆ ಅಕ್ಕ

ಮರೆಯುವ ಮುನ್ನ: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ವ್ಯಾನಿನಲ್ಲಿ ಪುಡಿಯ ಡ್ರಮ್ ಹುಡುಕಬೇಡ, ಇಳಿಸಿಕೊಂಡೆ. ಈಗಷ್ಟೇ ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. “ಸೋಮವಾರಕ್ಕೆ ಅಂತ ನಿಮ್ ತಮ್ಮ ಹೊಸ ಷರ್ಟು ಇಸ್ತ್ರಿ ಮಾಡಿಸಿಟ್ಟಿದಾನೆ. ನೀವೇ ಹೇಳಿಬಿಡಿ, ನನ್ ಕೈಲಾಗಲ್ಲ” ಅಂದರು. ಭಾನುವಾರ ಆ ಷರ್ಟು ಹಾಕಿಕೊಂಡು ಮನೆಗೆ ಬಾ. ಬೈಯುವುದನ್ನು ಎದುರಿಗೇ ಬೈ.