ಪ್ರವೇಶ ವಿಭಾಗದ ನಿರ್ದೇಶಕರಿಗೆ: ನೀವು ಓದದ ಸಂದರ್ಶನಗಳ ಬಗ್ಗೆ

ಮಾನ್ಯ ನಿರ್ದೇಶಕರೇ,

ನೀವು ಓದುವುದಿಲ್ಲವೆಂದು ನಿಮಗೆ ಗೊತ್ತಿದ್ದ ವರದಿಗಳನ್ನು ನನ್ನಿಂದ ವರ್ಷಾನುಗಟ್ಟಲೆ ಬರೆಸಿದ್ದೀರಿ. ಈ ಪತ್ರಕ್ಕೂ ಅದೇ ಗತಿ ಬಂದೀತೆಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನೀವಲ್ಲದಿದ್ದರೂ ಬೇರೆ ಯಾರಾದರೂ ಓದಲಿ.

ನನ್ನ ಪರಿಚಯ ನಿಮ್ಮ ಕಚೇರಿಗೆ ಇದ್ದೇ ಇರಬೇಕು, ಪ್ರತಿ ಶರತ್ಕಾಲದಲ್ಲೂ 'ನಮ್ಮ ಕುಟುಂಬದ ಪ್ರೀತಿಯ ಸದಸ್ಯರೇ' ಎಂದು ಶುರುವಾಗುವ ಓಲೆ ನನಗೆ ಬರುತ್ತದೆ. ಆದರೂ ಹೇಳುತ್ತೇನೆ. ನಾನು ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಸುಪೀರಿಯರ್ ಸರೋವರದ ದಕ್ಷಿಣ ದಂಡೆಯಲ್ಲಿ, ತಾಮ್ರದ ಗಣಿ ಮುಚ್ಚಿದ ಮೇಲೂ ಹೇಗೋ ಉಳಿದುಕೊಂಡಿರುವ ಒಂದು ಊರಿನ ಹಲ್ಲಿನ ಡಾಕ್ಟರು. ನಿಮ್ಮಲ್ಲಿಗೆ ಅರ್ಜಿ ಹಾಕುವ ನಮ್ಮ ಕಡೆಯ ಹೈಸ್ಕೂಲು ಮಕ್ಕಳನ್ನು ಕಾಲೇಜಿನ ಪರವಾಗಿ ಸಂದರ್ಶನ ಮಾಡುವ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿದ್ದೇನೆ. ಸಂಬಳವಿಲ್ಲ, ನಾನು ಕೇಳಿಯೂ ಇಲ್ಲ. ಮುಖ್ಯ ಬೀದಿಯ ಹೋಟೆಲಿನ ಕಿಟಕಿ ಪಕ್ಕದ ಮೇಜು, ಎರಡು ಕಾಫಿ, ಹಸಿದ ಹುಡುಗನಾದರೆ ಮಾಂಸ ತುಂಬಿ ಬೇಯಿಸಿದ ಒಂದು ಪ್ಯಾಸ್ಟಿ. ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ ಒಂದಕ್ಷರವೂ ಆಡಲಾಗದ ಮಕ್ಕಳು ಇಲ್ಲಿಯಾದರೂ ನನ್ನೆದುರು ಮಾತಾಡುತ್ತಾರಲ್ಲ ಎಂಬುದೇ ನನಗೆ ಖುಷಿ.

ನಮ್ಮೂರಿಂದ ನಿಮ್ಮಲ್ಲಿಗೆ ಸೀಟು ಸಿಕ್ಕವರು ಬೆರಳೆಣಿಕೆಗೂ ಕಡಿಮೆ. ಅದರ ಬಗ್ಗೆ ನಾನೆಂದೂ ತಕರಾರು ತೆಗೆದವಳಲ್ಲ. ಎಲ್ಲರಿಗೂ ಜಾಗ ಎಲ್ಲಿಂದ ತರುತ್ತೀರಿ? ನಿಮ್ಮ ಹೊಳೆಯುವ ಪುಸ್ತಿಕೆಯಲ್ಲಿ ಬರೆದಿದ್ದನ್ನು ನಾನು ನಂಬಿದ್ದೆ: ಅಂಕಗಳನ್ನಷ್ಟೇ ಅಲ್ಲ, ಇಡೀ ಮನುಷ್ಯನನ್ನು ನೋಡುತ್ತೇವೆ ಎಂದು. ಅಂಕ, ಆಯ್ದುಕೊಂಡ ವಿಷಯಗಳು ಎಷ್ಟು ಕಷ್ಟದವು ಎಂಬುದು, ಪ್ರವೇಶ ಪರೀಕ್ಷೆ, ಪ್ರಬಂಧ, ಇಬ್ಬರು ಮೇಷ್ಟ್ರುಗಳ ಶಿಫಾರಸು, ಪಠ್ಯೇತರ ಚಟುವಟಿಕೆ, ಅದರಲ್ಲಿ ವಹಿಸಿದ ನಾಯಕತ್ವ, ನಿಮ್ಮ ಕಾಲೇಜಿನ ಮೇಲೆ ತೋರಿದ ಆಸಕ್ತಿ, ಅಪ್ಪ ಅಮ್ಮ ಅಲ್ಲೇ ಓದಿದವರೋ ಎಂಬ ವಂಶಾವಳಿ, ಕೊನೆಯಲ್ಲಿ ಸಂದರ್ಶನ. ಕುದುರೆ ಕೊಳ್ಳುವವರೂ ಇಷ್ಟು ನೋಡುವುದಿಲ್ಲ, ಅವರು ಹಲ್ಲು ನೋಡಿ ಬಿಡುತ್ತಾರೆ. ಇರಲಿ. ಇಷ್ಟೆಲ್ಲ ನೋಡುವವರಿಗೆ ಒಂದು ಹುಡುಗಿ ಕಾಣದೆ ಹೋದದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ.

ಹುಡುಗಿಯ ಹೆಸರು ಟೆಸ್ ಹರ್ಯು. ಅಪ್ಪ ಜಿಲ್ಲೆಯ ರಸ್ತೆಗಳ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ, ಅಮ್ಮ ವೃದ್ಧಾಶ್ರಮದ ಅಡುಗೆಮನೆಯಲ್ಲಿದ್ದಾಳೆ. ಓದಿನಲ್ಲಿ ಅವಳು ತರಗತಿಗೆ ಮೊದಲಿಗಳು, ಆದರೆ ನಮ್ಮ ಶಾಲೆಯ ತರಗತಿ ಎಷ್ಟು ಸಣ್ಣದೆಂದರೆ ಆ ಮಾತಿಗೆ ನಿಮ್ಮಲ್ಲಿ ಬೆಲೆಯಿಲ್ಲವೆಂದು ನನಗೆ ಗೊತ್ತು. ಅಗ್ನಿಶಾಮಕ ಠಾಣೆಯ ಹಿಂದೆ ನಮ್ಮೂರ ಮಕ್ಕಳು ಸ್ಕೇಟಿಂಗ್ ಆಡುವ ಮಂಜುಗಡ್ಡೆಯ ಅಂಗಳವೊಂದಿದೆ, ರಿಂಕ್ ಅನ್ನುತ್ತೇವೆ. ಯಂತ್ರಗಿಂತ್ರ ಏನಿಲ್ಲ. ಬಯಲಿಗೆ ಹಲಗೆ ಕಟ್ಟಿ, ಚಳಿ ಬಿದ್ದ ಮೇಲೆ ಪೈಪಿನಲ್ಲಿ ತೆಳ್ಳಗೆ ನೀರು ಬಿಟ್ಟು, ಅದು ಗಟ್ಟಿಯಾದ ಮೇಲೆ ಮತ್ತೊಂದು ಪದರ ಬಿಡಬೇಕು. ನನ್ನ ಚಿಕ್ಕಂದಿನಿಂದ ಅದನ್ನು ಮಾಡುತ್ತಿದ್ದವನು ಆರ್ವಿಡ್ ಕೋಸ್ಕಿ ಎಂಬ ಮುದುಕ. ಎರಡು ವರ್ಷದ ಹಿಂದೆ ಅವನು ಜಾರಿ ಬಿದ್ದು ಸೊಂಟ ಮುರಿದುಕೊಂಡ. ಊರಿನ ಸಭೆಯಲ್ಲಿ ಈ ಸಲ ರಿಂಕ್ ಇಲ್ಲವೆಂದು ತೀರ್ಮಾನವಾಯಿತು. ಮರುವಾರ ನೋಡಿದರೆ ಟೆಸ್ ಶಾಲೆ ಬಿಟ್ಟವಳೇ ಪೈಪು ಹಿಡಿದು ನಿಂತಿದ್ದಳು. ಯಾರೂ ಹೇಳಿರಲಿಲ್ಲ, ಯಾರೂ ನೇಮಿಸಿರಲಿಲ್ಲ. ಎರಡು ಚಳಿಗಾಲ ಅವಳೇ ನೀರು ಬಿಟ್ಟಳು.

ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ನನಗೆ ಗೊತ್ತಿಲ್ಲದೆ ಇದ್ದದ್ದು ಒಂದೇ, ಅವಳು ಅದನ್ನು ನಿಮ್ಮ ಅರ್ಜಿಯಲ್ಲಿ ಬರೆದಿರಲಿಲ್ಲ ಎಂಬುದು.

ಕಳೆದ ಜನವರಿಯಲ್ಲಿ ಸಂದರ್ಶನಕ್ಕೆ ಅವಳು ತಡವಾಗಿ ಬಂದಳು. ಕೋಟಿನ ತೋಳು ಹಲಗೆಯ ಹಾಗೆ ಸೆಟೆದಿತ್ತು. ಹೋಟೆಲಿನ ಬಿಸಿಗೆ ಅದು ಕರಗಿ ನನ್ನ ಕಾಗದದ ಮೇಲೆ ತೊಟ್ಟಿಕ್ಕತೊಡಗಿತು.

"ಕ್ಷಮಿಸಿ ಡಾಕ್ಟ್ರೇ, ಪೈಪಿನ ಬಾಯೀಲಿ ನೀರು ಹೆಪ್ಪುಗಟ್ಬಿಟ್ಟಿತ್ತು. ಬಿಟ್ಟು ಬಂದಿದ್ರೆ ಪೈಪೇ ಸೀಳಿ ಹೋಗೋದು," ಅಂದಳು.

ಈ ರಿಂಕಿನ ಕೆಲಸದ ಬಗ್ಗೆ ಅರ್ಜಿಯಲ್ಲಿ ಚೆನ್ನಾಗಿ ಬರೆದಿದ್ದೀಯ ತಾನೇ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಎಲ್ಲಿ ಬರೀಲಿ? ಚಟುವಟಿಕೆ ಅನ್ನೋ ಕಡೆ ಹುದ್ದೆ ಏನು ಅಂತ ಕೇಳ್ತಾರೆ. ಅಧ್ಯಕ್ಷರಾ, ಕಾರ್ಯದರ್ಶಿನಾ, ಸ್ಥಾಪಕರಾ ಅಂತ. ನಾನು ಯಾವ್ದೂ ಅಲ್ಲ. ನೀರು ಬಿಡೋಳು."

"ಹಾಗಂತ್ಲೇ ಬರೀಬಹುದಿತ್ತಲ್ಲ?"

"ಯಾರಾದ್ರೂ ಮಾಡ್ಲೇಬೇಕಾದ ಕೆಲ್ಸ ಅದು ಡಾಕ್ಟ್ರೇ. ಮನೆ ಪಾತ್ರೆ ತೊಳಿಯೋದನ್ನ ಯಾರಾದ್ರೂ ಬರೀತಾರಾ?"

ನಿಮ್ಮ ಕಾಲೇಜೇ ಯಾಕೆ ಬೇಕು ಎಂದೂ ಕೇಳಿದೆ. ಈ ಪ್ರಶ್ನೆಗೆ ಮಕ್ಕಳು ಸಾಮಾನ್ಯವಾಗಿ ನಿಮ್ಮ ಪುಸ್ತಿಕೆಯನ್ನೇ ನನಗೆ ಒಪ್ಪಿಸುತ್ತಾರೆ. ಟೆಸ್ ತನ್ನ ತಾತನ ಕಾಲದಲ್ಲಿ ನಮ್ಮ ಕೊಲ್ಲಿ ಈ ದಡದಿಂದ ಆ ದಡದವರೆಗೆ ಹೆಪ್ಪುಗಟ್ಟುತ್ತಿತ್ತೆಂದೂ ಜನ ಅದರ ಮೇಲೆ ಲಾರಿ ಹೊಡೆಯುತ್ತಿದ್ದರೆಂದೂ ಈಗ ನೆಚ್ಚುವಂತಿಲ್ಲವೆಂದೂ ಹೇಳಿದಳು. ನೀರು ಯಾವಾಗ ಹೆಪ್ಪುಗಟ್ಟುತ್ತದೆ, ಯಾಕೆ ಹೆಪ್ಪುಗಟ್ಟುವುದಿಲ್ಲ ಎಂಬುದನ್ನೇ ಓದುವ ಪ್ರಾಧ್ಯಾಪಕರು ನಿಮ್ಮಲ್ಲಿದ್ದಾರಂತೆ, ಅವರ ಉಪನ್ಯಾಸವನ್ನು ಅವಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೇಳಿದ್ದಳು. ಅವರ ಹತ್ತಿರ ಕಲಿಯಬೇಕು ಅಂದಳು. ಆ ಮೇಲೆ ಸ್ವಲ್ಪ ನಾಚಿಕೊಂಡು ಕಾಫಿ ಕುಡಿದಳು.

ಅರ್ಜಿಯ ಗಡುವು ಆಗಲೇ ಮುಗಿದಿತ್ತು. ಇನ್ನು ತೆರೆದಿದ್ದದ್ದು ನನ್ನ ವರದಿ ಮಾತ್ರ. ಹೊರಡುವಾಗ ಅವಳ ಒದ್ದೆ ತೋಳು ಹಿಡಿದು, "ಚಿಂತೆ ಮಾಡ್ಬೇಡ, ನೀನು ಬರೀದೆ ಇದ್ದಿದ್ದನ್ನ ನಾನು ಬರೀತೀನಿ. ಅವರು ಓದ್ತಾರೆ," ಅಂದೆ. ನಿಮ್ಮ ಪರವಾಗಿ ಕೊಟ್ಟ ಮಾತು ಅದು ನಿರ್ದೇಶಕರೇ. ಆ ಭಾನುವಾರ ಚರ್ಚಿಗೂ ಹೋಗದೆ ಕೂತು ಬರೆದೆ. ಹಲ್ಲು ಕೀಳುವ ಕೈಗೆ ಬರವಣಿಗೆ ಸುಲಭವಲ್ಲ, ಆದರೆ ಅಂಥ ಒಳ್ಳೆಯ ವರದಿಯನ್ನು ನಾನು ಇನ್ನೆಂದೂ ಬರೆದಿಲ್ಲ.

ಮಾರ್ಚ್ ಕೊನೆಗೆ ಟೆಸ್‌ಗೆ ನಿಮ್ಮ ನಿರಾಕರಣೆ ಬಂತು. ಅಸಾಧಾರಣ ಅಭ್ಯರ್ಥಿಗಳ ಸಂಖ್ಯೆ ಅಸಾಧಾರಣವಾಗಿತ್ತೆಂದು ವಿಷಾದಿಸಿದ್ದಿರಿ. ನಾನು ಜಗಳಕ್ಕೆಂದು ಫೋನ್ ಮಾಡಲಿಲ್ಲ. ನನ್ನ ವರದಿಯಲ್ಲೇನಾದರೂ ಕೊರತೆಯಿತ್ತೇ, ಮುಂದಿನ ಮಗುವಿಗಾದರೂ ಸರಿಯಾಗಿ ಬರೆಯಬಹುದೇ ಎಂದು ಕೇಳಲು ನಿಮ್ಮ ಕಚೇರಿಗೆ ಕರೆ ಮಾಡಿದೆ. ಎಳೆಯ ದನಿಯ ಅಧಿಕಾರಿಯೊಬ್ಬರು ಸಿಕ್ಕರು. ನನ್ನ ಮಾತೆಲ್ಲ ಕೇಳಿಸಿಕೊಂಡರು.

"ಮೇಡಂ, ನಿಮ್ಮ ವರದೀಲಿ ಏನೂ ತಪ್ಪಿಲ್ಲ," ಅಂದರು. "ಅವು ಸಮಿತಿ ಮುಂದೆ ಹೋಗೋದು ನಿಂತು ಕೆಲವು ವರ್ಷ ಆಯ್ತು."

"ಮತ್ತೆ ಸಂದರ್ಶನ ಯಾಕೆ ಮಾಡಿಸ್ತೀರಿ?"

"ಅದು... ಹಳೇ ವಿದ್ಯಾರ್ಥಿಗಳಿಗೆ ಕಾಲೇಜಿನ ಜೊತೆ ನಂಟು ಉಳೀಲಿ ಅಂತ."

ಆ ಅಧಿಕಾರಿಯ ಹೆಸರನ್ನು ನಾನು ಕೇಳಲಿಲ್ಲ. ದಯವಿಟ್ಟು ನೀವೂ ಹುಡುಕಬೇಡಿ. ಇಷ್ಟು ವರ್ಷಗಳಲ್ಲಿ ನಿಮ್ಮ ಕಚೇರಿಯಿಂದ ನನಗೆ ದೊರೆತ ಒಂದೇ ಒಂದು ನೇರ ಉತ್ತರ ಅದು.

ಅಂದರೆ ಸಂದರ್ಶನ ನಡೆಯುತ್ತಿದ್ದದ್ದು ನನಗಾಗಿ, ಮಕ್ಕಳಿಗಾಗಿ ಅಲ್ಲ. ಹದಿನೇಳು ವರ್ಷದ ಮಕ್ಕಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಹಿಮದಲ್ಲಿ ಕಾರು ನಡೆಸಿಕೊಂಡು ಬಂದು, ಬೆವರುವ ಅಂಗೈಯನ್ನು ಮೇಜಿನ ಕೆಳಗೆ ಒರೆಸಿಕೊಳ್ಳುತ್ತಿದ್ದದ್ದು ಒಬ್ಬ ವಯಸ್ಸಾದ ದಂತವೈದ್ಯೆಗೆ ತನ್ನ ಕಾಲೇಜಿನ ಮೇಲಿನ ಮಮತೆ ಆರದಿರಲಿ ಎಂದು. ಈ ನಂಟಿನ ಖರ್ಚನ್ನು ಅವರ ಮೇಲೇಕೆ ಹೊರಿಸಿದಿರಿ? ನನಗೊಂದು ಕ್ಯಾಲೆಂಡರು ಕಳಿಸಿದ್ದರೆ ಆಗುತ್ತಿರಲಿಲ್ಲವೇ?

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ನನ್ನ ತಂಗಿ ಕ್ಯಾರೊಲ್ ಕೂಡ ನಿಮ್ಮಲ್ಲೇ ಓದಿದವಳು, ಈಗ ಶಿಕಾಗೋದ ಹೊರವಲಯದಲ್ಲಿದ್ದಾಳೆ. ಅವಳ ಮಗ ಎಲಿಯಟ್‌ಗೆ ಎಂಟನೇ ತರಗತಿಯಿಂದಲೇ ಪ್ರವೇಶದ ಸಲಹೆಗಾರರೊಬ್ಬರನ್ನು ಗೊತ್ತು ಮಾಡಿದ್ದಾರೆ. ಯಾವ ವಾದ್ಯ ಕಲಿಯಬೇಕು, ಬೇಸಿಗೆಯಲ್ಲಿ ಎಲ್ಲಿ ಸೇವೆ ಮಾಡಬೇಕು ಎಂಬುದನ್ನೆಲ್ಲ ಅವರೇ ಹೇಳುತ್ತಾರೆ. ಈ ವರ್ಷ ಎಲಿಯಟ್‌ಗೆ ನಿಮ್ಮಲ್ಲಿ ಸೀಟು ಸಿಕ್ಕಿತು. ಈಸ್ಟರ್ ಊಟಕ್ಕೆ ಹೋಗಿದ್ದಾಗ ಎಲ್ಲರೂ ಅವನ ಹೆಸರಿನಲ್ಲಿ ಗ್ಲಾಸು ಎತ್ತಿದರು. ಹುಡುಗ ಮಾತ್ರ ತಟ್ಟೆಯಲ್ಲಿದ್ದದ್ದನ್ನು ಆ ಕಡೆ ಈ ಕಡೆ ಸರಿಸುತ್ತ ಕೂತಿದ್ದ. ಊಟವಾದ ಮೇಲೆ ನನ್ನನ್ನು ಹಿತ್ತಲಿಗೆ ಕರೆದ.

"ದೊಡ್ಡಮ್ಮ, ಪ್ರಬಂಧದಲ್ಲಿ ನಿಮ್ಮೂರಿನ ರಿಂಕ್ ಬಗ್ಗೆ ಬರ್ದಿದ್ದೆ."

"ಏನಂತ?"

"ಆ ಮಕ್ಕಳಿಗೋಸ್ಕರ ನೀರು ಬಿಡೋದು ನನಗೆ ವಿನಯ ಕಲಿಸ್ತು ಅಂತ."

"ಎಷ್ಟು ದಿನ ಬಿಟ್ಟೆ?"

"ಹೋದ್ವರ್ಷ ನಿಮ್ಮನೆಗೆ ಬಂದಾಗ, ಒಂದು ಮಧ್ಯಾಹ್ನ. ಅದೂ ಅರ್ಧ. ಕೈ ಮರಗಟ್ಟಿ ನಿಂತಿದ್ದು ನೋಡಿ ಆ ಹುಡುಗಿ ಪೈಪು ಕಿತ್ಕೊಂಡು ಒಳಗೆ ಕಳಿಸಿದ್ಲು." ಕೈ ಜೇಬಿಗಿಟ್ಟುಕೊಂಡು, "ಸುಳ್ಳೇನಲ್ಲ ದೊಡ್ಡಮ್ಮ. ನಡೆದಿದ್ದನ್ನೇ ಬರಿ ಅಂತ ಸಲಹೆಗಾರರು ಹೇಳಿದ್ರು," ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ನೀವು ಕೇಳಿದ್ದನ್ನು ನಿಮಗೆ ಕೊಡುವುದು ಹೇಗೆಂದು ಅವನಿಗೆ ಹೇಳಿಕೊಡುವವರಿದ್ದರು. ಅದೇನು ಅಪರಾಧವೇ? ಮುಚ್ಚಿಟ್ಟುಕೊಳ್ಳಲಾರದೆ ತಾನಾಗಿ ಬಂದು ಹೇಳಿದನಲ್ಲ, ಆ ಮಾತೂ ನಿಮ್ಮ ಸಮಿತಿಗೆ ಗೊತ್ತಿಲ್ಲ. ಆದರೆ ಯೋಚಿಸಿ: ನಮ್ಮೂರ ರಿಂಕ್ ನಿಮ್ಮ ಮೇಜಿಗೆ ಎರಡು ದಾರಿಯಿಂದ ಹೊರಟಿತ್ತು. ಅರ್ಧ ಮಧ್ಯಾಹ್ನದ ರಿಂಕ್ ತಲುಪಿತು, ಎರಡು ಚಳಿಗಾಲದ ರಿಂಕ್ ತಲುಪಲಿಲ್ಲ. ಇಡೀ ಮನುಷ್ಯನನ್ನು ನೋಡುವುದೆಂದರೆ ಇದೇ ಏನು?

ಟೆಸ್‌ಗೆ ವರದಿಯ ವಿಷಯ ಹೇಳುವುದೋ ಬೇಡವೋ ಎಂದು ನಾನು ಬಹಳ ಅನುಮಾನಿಸಿದೆ. ಮೇ ತಿಂಗಳಲ್ಲಿ ಹಲ್ಲು ಶುಚಿ ಮಾಡಿಸಲು ಬಂದಳು. ಊರಿನ ರಿಂಕ್ ಮುಂದಿನ ವರ್ಷ ಬೇರೆ ಯಾರಾದರೂ ನೋಡಿಕೊಳ್ಳಲಿ, ತನಗೆ ಸಾಕಾಗಿದೆ ಎಂದು ಅವಳು ಆರ್ವಿಡ್‌ಗೆ ಹೇಳಿಬಿಟ್ಟಿದ್ದ ಸುದ್ದಿ ಅಷ್ಟರಲ್ಲಿ ನನಗೆ ತಲುಪಿತ್ತು. ಕೆಲಸ ಮುಗಿದ ಮೇಲೆ ಕುರ್ಚಿ ಎತ್ತಿ ನಿಲ್ಲಿಸಿ, ಎದುರು ಕೂತು, ಫೋನಿನಲ್ಲಿ ಕೇಳಿದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ಕತ್ತಿನ ಬಟ್ಟೆಯನ್ನೂ ತೆಗೆಯದೆ ಕೂತಿದ್ದಳು.

"ಹಾಗಾದ್ರೆ ರಿಂಕ್ ವಿಷ್ಯ ಯಾರೂ ಓದ್ಲೇ ಇಲ್ಲ."

"ಇಲ್ಲ."

"ಓದಿದ್ದಾರೆ ಅನ್ಕೊಂಡಿದ್ದೆ ಡಾಕ್ಟ್ರೇ. ಓದಿ, ಇಷ್ಟೇನಾ ಅಂತ ಪಕ್ಕಕ್ಕಿಟ್ರು ಅನ್ಕೊಂಡಿದ್ದೆ." ಮುಖ ಕಿಟಕಿಯ ಕಡೆ ತಿರುಗಿತು. "ಇಷ್ಟು ದಿನಾನೂ ಅದು ಸಾಲ್ಲಿಲ್ಲ ಅಂತ್ಲೇ ಅನ್ಕೊಂಡಿದ್ದೆ."

ನಿಮ್ಮ ಮೇಲಿನ ನನ್ನ ದೂರು ಪೂರ್ತಿಯಾಗಿ ಆ ಮಾತಿನಲ್ಲಿದೆ. ಸೀಟು ಕೊಡದೆ ಇರುವ ಹಕ್ಕು ನಿಮಗಿದೆ. ನೋಡದೆ ಇದ್ದದ್ದನ್ನು ನೋಡಿದೆವೆಂದು ನಂಬಿಸಿ, ತಾನು ಮಾಡಿದ ಒಂದು ಒಳ್ಳೆಯ ಕೆಲಸ ತೂಕದಲ್ಲಿ ಕಡಿಮೆ ಬಂತೆಂದು ಒಬ್ಬ ಹುಡುಗಿ ಅಂದುಕೊಳ್ಳುವಂತೆ ಮಾಡುವ ಹಕ್ಕು ಎಲ್ಲಿಂದ ಬಂತು?

ಟೆಸ್ ಈಗ ಇಲ್ಲಿಂದ ಗಂಟೆ ದಾರಿಯಲ್ಲಿರುವ ಸರ್ಕಾರಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವರು ಅವಳ ಅಂಕ ಕೇಳಿದರು, ನೋಡಿದರು, ಬಾ ಅಂದರು. ಇಡೀ ಮನುಷ್ಯ ಗಿನುಷ್ಯ ಎಂದೇನೂ ಅನ್ನಲಿಲ್ಲ. ಸರೋವರದ ಮೇಲೆ ಅಳತೆಯ ಉಪಕರಣ ಇಡುವ ಗುಂಪಿನಲ್ಲಿ ಅವಳನ್ನೂ ಸೇರಿಸಿಕೊಂಡಿದ್ದಾರಂತೆ. ಚೆನ್ನಾಗಿದ್ದಾಳೆ. ಎಲಿಯಟ್ ಅವಳಿಗೆ ಫೋನ್ ಮಾಡಿ ಪ್ರಬಂಧದ ವಿಷಯ ಒಪ್ಪಿಕೊಂಡನಂತೆ, ಅವಳು ಬಹಳ ಹೊತ್ತು ನಕ್ಕಳಂತೆ. ಆ ನಗೆ ಎಂಥದ್ದೆಂದು ಅವನಿಗೆ ತಿಳಿಯಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟಾದ ಮೇಲೂ ಹೋದ ವಾರ ನಿಮ್ಮ ಕಚೇರಿ ಈ ಚಳಿಗಾಲದ ಅಭ್ಯರ್ಥಿಗಳೆಂದು ನನಗೆ ಎರಡು ಹೆಸರು ಕಳಿಸಿದೆ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಕೆಳಗೆ ಬರೆದಿದೆ. ನನಗೆ ಕೂಗಾಡುವ ಶಕ್ತಿಯಿಲ್ಲ. ಕೇಳುವುದು ಇಷ್ಟೇ: ಒಂದೋ ಸಂದರ್ಶನಗಳನ್ನು ಓದಿ, ಇಲ್ಲವೋ ಈ ಸಂದರ್ಶನಕ್ಕೂ ಪ್ರವೇಶಕ್ಕೂ ಸಂಬಂಧವಿಲ್ಲವೆಂದು ಮಕ್ಕಳಿಗೆ ಮೊದಲೇ, ದಪ್ಪ ಅಕ್ಷರಗಳಲ್ಲಿ ತಿಳಿಸಿ. ಎರಡರಲ್ಲೊಂದು ಆಗುವವರೆಗೆ ನನ್ನನ್ನು ನಿಮ್ಮ ಕುಟುಂಬದಿಂದ ಬಿಟ್ಟುಬಿಡಿ.

ಆ ಎರಡು ಹೆಸರಿನಲ್ಲಿ ಒಬ್ಬ ಹುಡುಗ ನಿನ್ನೆ ನನಗೆ ಫೋನ್ ಮಾಡಿದ್ದ. ಸಂದರ್ಶನಕ್ಕೆ ಟೈ ಕಟ್ಟಿಕೊಂಡು ಬರಬೇಕೇ, ಬಂದರೆ ಅಣ್ಣನ ಟೈ ಆದೀತೇ, ಅದರ ಮೇಲೆ ಮೀನಿನ ಚಿತ್ರವಿದೆ ಎಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟಿದ್ದೇನೆ. ಅವನ ನಂಬರು ನಿಮ್ಮ ಹತ್ತಿರ ಇದೆ. ಉತ್ತರ ನೀವೇ ಹೇಳಿ.

ಇಂತಿ,
ನಿಮ್ಮ ಪರವಾಗಿ ಮಾತು ಕೊಟ್ಟು ದಣಿದ,
ಡಾ. ಮಾರ್ಥಾ ಲೆಹ್ತೊ
ದಂತವೈದ್ಯೆ