ಹುಟ್ಟದ ಮರಿಗಳ ಕಾವಲು

ಹೊಳಲ್ಕೆರೆ,
ಕೀಲಕ ಸಂವತ್ಸರದ ಶ್ರಾವಣ ಬಹುಳ ಬಿದಿಗೆ, ೧೯೦೮

ಚಿರಂಜೀವಿ ಮುರುಗೇಶನಿಗೆ ಅಣ್ಣ ಏಕಾಂತಪ್ಪನ ಆಶೀರ್ವಾದ.

ಜರ್ಮನಿಯ ಊಟ ಹೊಟ್ಟೆಗೆ ಒಗ್ಗಿತೇ? ಚಟ್ನಿಪುಡಿ ಮುಗಿದಿರಬೇಕು. ಕಳಿಸಿದ ಕಂಬಳಿಯನ್ನು ನೀನು ಹೊದ್ದೆಯೋ, ನಿನ್ನ ಪ್ರಯೋಗದ ಇಲಿಗಳಿಗೆ ಹಾಸಿದೆಯೋ ಬರೆಯಲಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ, ಅವ್ವನ ಮಾತು ಮಾತ್ರ ಬೇರೆ, ಅದಕ್ಕೇ ಈ ಕಾಗದ.

ನಿನ್ನ ಹಿಂದಿನ ಕಾಗದವನ್ನು ಜಗಲಿಯಲ್ಲಿ ಅವ್ವನಿಗೆ ಓದಿ ಹೇಳಿದವನು ನಾನೇ. ಬಸಿರಿ ಇಲಿಯ ಹೊಟ್ಟೆಯಿಂದ ತೆಗೆದ, ಇನ್ನೂ ಹುಟ್ಟದ ಮರಿಗಳನ್ನು ಅರೆದು ಬೇರೆ ಇಲಿಗಳ ಚರ್ಮದಡಿ ಸೂಜಿಯಿಂದ ಹಾಕಿದಿರಂತೆ; ಆಮೇಲೆ ಅವುಗಳ ಮೈಯಲ್ಲಿ ಕೆಟ್ಟ ರೋಗದ ಗಡ್ಡೆಯ ಚೂರು ನೆಟ್ಟರೆ ಅದು ಬೇರೂರಲಿಲ್ಲವಂತೆ; ಸುಮ್ಮನೆ ಬಿಟ್ಟ ಇಲಿಗಳಲ್ಲಿ ಅಡಿಕೆಗಾತ್ರ ಬೆಳೆಯಿತಂತೆ. ಮರಿಯ ಮೈಗೂ ಗಡ್ಡೆಗೂ ಏನೋ ಒಂದು ಗುರುತು ಸಮವಾಗಿರಬೇಕು, ಒಂದನ್ನು ಕಂಡ ಮೈ ಇನ್ನೊಂದನ್ನೂ ಹೊರಗಟ್ಟುತ್ತದೆ ಎಂದು ನಿನ್ನ ಊಹೆ. ನಾನು ಇರುವೆ ತುಳಿದರೂ ಬಯ್ಯುವ ಅವ್ವ ಇದನ್ನು ಕೇಳಿ, "ನಮ್ ಮುರುಗೇಶ ಮಾಡ್ಯಾನೆ ಅಂದ್ರೆ ಧರ್ಮಕ್ಕೇ ಮಾಡಿರ್ತಾನೆ" ಎಂದಳು.

ಹೊಟ್ಟೆಕಿಚ್ಚು ಅನ್ನು, ಇರಲಿ. ಹೊಸದುರ್ಗದ ಸಂತೆಯಿಂದ ಕಂಬಳಿ ಹೊತ್ತು ತಂದು ಅಂಗಡಿ ಮಾಡಿದವನು ನಾನು. ದಿನಾ ಅವ್ವನ ಕಾಲು ಒತ್ತುವವನೂ ನಾನೇ. ಆದರೂ ಊರಿಗೆ ನಾನು ಇಲಿ ಡಾಕ್ಟರ ಅಣ್ಣ. ನೀನು ಸಮುದ್ರದಾಚೆ ಕೂತು ಎರಡು ಹಾಳೆ ಬರೆದರೆ ಅವು ಅವ್ವನ ತಲೆದಿಂಬಿನ ಕೆಳಗೆ ಹೋಗುತ್ತವೆ. ನಾನು ಎದುರಿಗೆ ಕೂತು ಆಡಿದ ಮಾತು ಗಾಳಿಗೆ.

ಬಟ್ಟೆಯ ಮಡಿಕೆ ನೋಡಿ ನೋಡಿ ಪಳಗಿದ ಕಣ್ಣು ನನ್ನದು. ಕಳೆದ ತಿಂಗಳು ಅವ್ವನ ಲಿಂಗದ ಕರಡಿಗೆ ಎದೆಯ ನಡುವಿನಿಂದ ಎಡಕ್ಕೆ ಸರಿದಿದ್ದು ಕಂಡಿತು. ಪೂಜೆ ಮುಗಿಸಿ ಕಟ್ಟಿಕೊಳ್ಳುವಾಗ ಬೇಕೆಂದೇ ಸರಿಸಿಕೊಳ್ಳುತ್ತಿದ್ದಳು. ನಿನ್ನ ಅತ್ತಿಗೆ ಸರ್ವಮಂಗಳ ಕೇಳಿ ತಿಳಿದಳು: ಬಲಗಡೆ ಎದೆಯಲ್ಲಿ ಗಟ್ಟಿ ಗಂಟು, ಬೆಳ್ಳಿ ಕರಡಿಗೆ ಅದಕ್ಕೆ ಒತ್ತುತ್ತಿತ್ತಂತೆ. ಬೆಂಗಳೂರಿನ ಲೇಡಿ ಡಾಕ್ಟರಿಗೆ ತೋರಿಸೋಣ ಎಂದೆ. ಅವ್ವ ನಕ್ಕಳು.

"ಮುರುಗೇಶ ಹೊಟ್ಟೆಯಾಗಿದ್ದಾಗ ಎಂಟನೇ ತಿಂಗ್ಳಾಗೆ ಅಯ್ನೋರು ಬಂದು ಹೊಟ್ಟೆ ಮ್ಯಾಲೆ ಲಿಂಗ ಕಟ್ಟಿದ್ರು ಕಣಪ್ಪ. ಹುಟ್ಟದ ಮರಿ ಇಲಿನ ಕಾಯ್ತೈತೆ ಅಂತ ಮುರುಗೇಶನೇ ಬರ್ದಾನೆ. ಅಂಥೋನು ನನ್ನೊಳಗೆ ಇದ್ದು ಹೋಗ್ಯಾನೆ, ನನಗೇನಾಗ್ತೈತೆ?"

ನಾನೂ ಅದೇ ಹೊಟ್ಟೆಯಲ್ಲಿದ್ದೆನಲ್ಲ, ನನಗೂ ಲಿಂಗ ಕಟ್ಟಿದ್ದರಲ್ಲ ಎಂದೆ.

"ನೀನಿದ್ದಾಗ ಬರೀ ವಾಂತಿ" ಎಂದಳು.

ಹುಟ್ಟುವ ಮೊದಲೇ ನೀನು ಗೆದ್ದಾಯಿತು, ನೋಡು.

ಸರ್ವಮಂಗಳ ನಿನ್ನ ಯೋಗಕ್ಷೇಮ ಕೇಳಿದ್ದಾಳೆ. ಚಳಿಗಾಲಕ್ಕೆ ಮೆಣಸಿನ ಪುಡಿ ಕಟ್ಟಿ ಕಳಿಸುತ್ತೇವೆ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಏಕಾಂತಪ್ಪ

ತಾಜಾಕಲಂ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಮರುಟಪಾಲಿಗೇ ಅವ್ವನಿಗೆ ಬರೆ. ಇಲಿಗಳಿಗೆ ಕಾವಲು ಇಟ್ಟಿದ್ದು ಗಡ್ಡೆ ನೆಡುವ ಮೊದಲು, ಬೆಳೆದ ಗಡ್ಡೆಯ ಮೇಲೆ ಅದು ನಡೆಯದು, ಮನುಷ್ಯರ ಸಂಗತಿ ಇನ್ನೂ ಯಾರಿಗೂ ತಿಳಿಯದು ಎಂದು ಬಿಡಿಸಿ ಬರೆ. ಇದೆಲ್ಲ ನಿನ್ನ ಕಾಗದದಲ್ಲೇ ಇತ್ತು, ನಾನು ಓದಿಯೂ ಹೇಳಿದೆ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನಾನೇ ಸೇರಿಸಿ ಓದಿದೆ ಎಂದುಕೊಂಡಳು ಅವ್ವ. ಅದಕ್ಕೆ ಕಾಗದ ನನ್ನ ಹೆಸರಿಗೆ ಬೇಡ, ಶಾಲೆಯ ಮೇಷ್ಟ್ರು ಅಂಜನಪ್ಪನವರ ಹೆಸರಿಗೆ ಹಾಕು, ಅವರು ಓದಲಿ. ಕೊನೆಗೆ "ಅಣ್ಣನ ಜೊತೆ ಬೆಂಗಳೂರಿಗೆ ಹೋಗು" ಅಂತ ಒಂದು ಸಾಲು ಇರಲಿ. ನೀನು ಹೇಳಿದರೆ ಅವಳು ನನ್ನ ಜೊತೆಗೂ ಬರುತ್ತಾಳೆ.