ಹಾಲಹಟ್ಟಿಗೆ ಬಿಟ್ಟ ಮರಿಗಳು

ಕುಲಗೋಡ, ತಾಲೂಕು ಗೋಕಾಕ
ಶುಕ್ರವಾರ, ತಾ. ೧೧-೧-೧೯೬೩

ಸಾತವ್ವಗೆ,

ಕುಲಗೋಡದ ಪೂಜೇರಿ ಮನೆತನದ ಹಿರಿಯಳು ಹಣಮವ್ವ ಬರೆಯುತ್ತಿದ್ದೇನೆ. ನಾನು ಹಾದು ಹೋದರೆ ಈ ಭಾಗದ ಯಾವ ಕುರಿಹಟ್ಟಿಯಲ್ಲೂ ಕುಳಿತವರು ಎದ್ದು ನಿಲ್ಲುತ್ತಾರೆ. ಇದು ಜಂಬವಲ್ಲ, ನೀನೇ ಕಣ್ಣಾರೆ ಕಂಡದ್ದು. ಗಂಡ ಮಾಲಿಂಗಪ್ಪ ಹೋದಾಗ ನನಗೆ ಮೂವತ್ತೊಂದು ವರ್ಷ. ಅಂದಿನಿಂದ ಹೊಲ, ಕುರಿ, ಮನೆ ಯಾವುದಕ್ಕೂ ಇನ್ನೊಬ್ಬರ ಬಾಯಿ ನೋಡಿದವಳಲ್ಲ. ನಮ್ಮ ಮಂದಿಯಲ್ಲಿ ಗೋಕಾಕದ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಆದ್ದರಿಂದ ಈ ಪತ್ರವನ್ನೂ ಯಾರ ಕೈಯಿಂದಲೂ ಬರೆಸಿಲ್ಲ.

ನಿನಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಗೊತ್ತಿರುವುದನ್ನೇ ಮತ್ತೆ ಹೇಳುತ್ತಾಳೆ ಎಂದು ನಿನಗೆ ಅನಿಸಬಹುದು. ಮೊದಲಿನಿಂದ ಹೇಳದಿದ್ದರೆ ನಾನು ಕೊನೆ ಮುಟ್ಟುವವಳಲ್ಲ, ತಾಳಿಕೊಂಡು ಓದು.

ನನ್ನ ಮಗ, ನಿನ್ನ ಗಂಡ ಬೀರಸಿದ್ದಪ್ಪ ತೀರಿ ಹದಿನೇಳು ತಿಂಗಳಾಯಿತು. ಹುಕ್ಕೇರಿಯಲ್ಲಿ ಹುಡುಗರಿಗೆ ವಿಜ್ಞಾನ ಕಲಿಸುತ್ತ ಆರು ವರ್ಷದಲ್ಲಿ ಅವನು ಇಪ್ಪತ್ತಮೂರು ಕಥೆ ಬರೆದ. ಎಲ್ಲವೂ ಒಂದೇ ಲೋಕದ ಕಥೆಗಳು. ಆಕಾಶದಲ್ಲಿ ಎಲ್ಲೋ ಹಾಲಹಟ್ಟಿ ಎಂಬ ಗ್ರಹ, ಅದಕ್ಕೆ ಎರಡು ಸೂರ್ಯ. ಒಂದು ಮುಳುಗುವಾಗ ಇನ್ನೊಂದು ಏಳುತ್ತದೆ, ಕುರಿಗಳಿಗೆ ಯಾವಾಗ ಮಲಗಬೇಕೆಂದು ತಿಳಿಯುವುದಿಲ್ಲ. ಅಲ್ಲಿ ಗಾಳಿ ಬಹಳ ತೆಳು, ಕೂಗಿದರೆ ಹತ್ತು ಮಾರು ದಾಟುವುದಿಲ್ಲ. ಅದಕ್ಕೆ ಕುರುಬರು ಕೈಯಲ್ಲಿ ಕನ್ನಡಿ ಹಿಡಿದು ಬೆಳಕು ಹೊಳೆಯಿಸಿ ಒಬ್ಬರನ್ನೊಬ್ಬರು ಕರೆಯುತ್ತಾರೆ. ಅಲ್ಲಿ ಮಳೆ ಇಲ್ಲ. ನಾಯಿ ಉಂಟು, ಬೊಗಳುವುದಿಲ್ಲ. ಕುರಿ ಕಾಯುವ ಮಂದಿ ಕತ್ತೆತ್ತಿ ನೋಡಿದ್ದನ್ನು ನನ್ನ ಮಗ ಪುಸ್ತಕದ ವಿಜ್ಞಾನ ಬೆರೆಸಿ ಬರೆದ. ಧಾರವಾಡದ ಮಾಸಿಕದಲ್ಲಿ ಅವು ಅಚ್ಚಾದವು, ಊರೂರಲ್ಲಿ ಓದುಗರಾದರು.

ಹೋದ ದಸರೆಗೆ ಅವನ ಗೆಳೆಯ, ಮೂಡಲಗಿಯಲ್ಲಿ ಛಾಪಖಾನೆ ನಡೆಸುವ ಸತ್ಯಪ್ಪ ಮಾಸ್ತರ ನಮ್ಮ ಮನೆಗೆ ಬಂದ. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಕಾಗದದ ಗಂಟು. ಬೀರಸಿದ್ದನ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅವನ ಬಗೆಗೆ ಹೊಗಳಿಕೆಯ ಲೇಖನಗಳಲ್ಲ. ಅವನನ್ನು ಓದಿ ಮೆಚ್ಚಿದವರು ಒಬ್ಬೊಬ್ಬರು ಹಾಲಹಟ್ಟಿಯಲ್ಲಿ ನಡೆಯುವ ಹೊಸ ಕಥೆ ಬರೆದಿದ್ದಾರೆ, ಒಟ್ಟು ಹನ್ನೊಂದು. ಲೋಕ ಅವನದು, ಕಥೆ ಇವರದು. ಮನೆಯ ಹಿರಿಯರು ಒಪ್ಪಿ ಸಹಿ ಮಾಡಿದರೆ ಮಾತ್ರ ಅಚ್ಚು ಮಾಡುವುದು ಎಂದ. ನೀನೂ ಅದನ್ನೇ ಹೇಳಿದ್ದೆಯಂತೆ, ಮೊದಲು ಕುಲಗೋಡಕ್ಕೆ ಹೋಗಿ ಕೇಳಿ ಬನ್ನಿ ಎಂದು.

ಓದಿ ಹೇಳುತ್ತೇನೆ ಎಂದು ಗಂಟು ಇಟ್ಟುಕೊಂಡೆ. ಕೆಂಪು ಪೆನ್ಸಿಲ್ ತರಿಸಿದೆ.

ಗೋಕಾಕದ ಗಿರಣಿಯ ಕಾರಕೂನನೊಬ್ಬನ ಕಥೆಯಲ್ಲಿ ನಾಯಿ ಬೊಗಳಿತ್ತು. ಆ ಸಾಲು ಹೊಡೆದು ಹಾಕಿದೆ. ದನದ ದವಾಖಾನೆಯ ಕಂಪೌಂಡರನ ಕಥೆಯಲ್ಲಿ ಕುರಿಗಳಿಗೆ ಬೇನೆ ಬಂದು, ಮಳೆ ಸುರಿದು ಗುಣವಾಗುತ್ತದೆ. ಮಳೆ ಎಲ್ಲಿಂದ ಬಂತು ಎಂದು ಅಂಚಿನಲ್ಲಿ ಬರೆದು ನಾಲ್ಕು ಪುಟ ಹೊಡೆದೆ. ಬಸ್ಸಿನ ಕಂಡಕ್ಟರನೊಬ್ಬ ಎರಡನೆಯ ಸೂರ್ಯನನ್ನೇ ಮರೆತಿದ್ದ. ಅವನಿಗೆ ಅದನ್ನು ಬರೆದು ಕೊಟ್ಟೆ. ಹದಿನೈದು ದಿನ ಇದೇ ಕೆಲಸ. ಗಡಿಯಲ್ಲಿ ಯುದ್ಧ ಹತ್ತಿ ಊರೆಲ್ಲ ರೇಡಿಯೋ ಮುಂದೆ ಕೂತಿತ್ತು, ನಾನು ನನ್ನ ಮಗನ ಲೋಕದ ಗಡಿ ಕಾಯುತ್ತ ಕೂತಿದ್ದೆ.

ಹನ್ನೊಂದನೆಯದು ನಿನ್ನದು.

ನಿನ್ನ ಕಥೆಯಲ್ಲಿ ತಾಯಿ ಇದ್ದಳು. ಕುರಿದಡ್ಡಿಯ ಬಾಗಿಲಿಗೆ ನಿಂತ ಮುದುಕಿ. ಮಗ ಕುರಿ ಹೊಡೆದುಕೊಂಡು ದೂರದ ನಕ್ಷತ್ರಕ್ಕೆ ಹೋಗಿದ್ದಾನೆ, ಆಕೆ ಕೈಯಲ್ಲಿ ಕನ್ನಡಿ ಇದ್ದರೂ ಅವನ ಕಡೆಗೆ ತಿರುಗಿಸುವುದಿಲ್ಲ. ಎರಡನೆಯ ಪುಟಕ್ಕೇ ನನ್ನ ಮೈ ಉರಿಯಿತು. ಇದು ನಾನೇ ಎಂದು ತಿಳಿಯಲು ಹೈಸ್ಕೂಲು ಬೇಕಿರಲಿಲ್ಲ. ನನ್ನ ಮಗ ಇಪ್ಪತ್ತಮೂರು ಕಥೆಯಲ್ಲಿ ಒಂದರಲ್ಲೂ ತಾಯಿಯನ್ನು ತಂದಿಲ್ಲ. ಅಣ್ಣತಮ್ಮಂದಿರು, ಮಾವ, ಅಜ್ಜ, ಕೊನೆಗೆ ಕುಂಟ ಟಗರಿಗೂ ಒಂದು ಹೆಸರು, ತಾಯಿ ಇಲ್ಲ. ಅವನು ತರದಿದ್ದವಳನ್ನು ತರಲು ಇವಳು ಯಾರು ಎಂದುಕೊಂಡೆ. ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದು ಕೆಳಗೆ ಬರೆದೆ: ‘ಈ ಲೋಕದಲ್ಲಿ ತಾಯಿ ಇಲ್ಲ. ಅರಿಯದವರು ಬರೆಯಬಾರದು.’

ಅದನ್ನು ನೀನು ಓದಿದ್ದೀಯೆಂದು ಸತ್ಯಪ್ಪ ಹೇಳಿದ.

ಕಾಗದಗಳನ್ನು ತಿರುಗಿ ಕಳಿಸಿ ತಿಂಗಳಾಗುವುದರೊಳಗೆ ಸತ್ಯಪ್ಪ ಅದೇ ಗಂಟು ಹಿಡಿದು ಮತ್ತೆ ಬಂದ. ಐದು ಮಂದಿ ತಮ್ಮ ಕಥೆ ಮರಳಿ ಕೇಳಿದ್ದರು. ಇನ್ನಿಬ್ಬರು ಹೋದರೆ ಪುಸ್ತಕವೇ ಇಲ್ಲ. ಹೋಗಲಿ, ಅರ್ಧಂಬರ್ಧ ತಿಳಿದವರು ಹೋದರೆ ಒಳ್ಳೆಯದೇ ಎಂದೆ. ಕೊಟ್ಟ ಚಹಾ ಸತ್ಯಪ್ಪ ಮುಟ್ಟಲಿಲ್ಲ.

‘ಅವ್ವಾರ,’ ಎಂದ, ‘ಅವ್ರು ಬೀರಸಿದ್ದನ ಲೋಕ ಕಸಗೊಳ್ಳಾಕ ಬಂದಿಲ್ರಿ. ಅದು ಬಿಕೋ ಅನ್ನಬಾರದಂತ ಬಂದಾರ.’

ನಾನು ಉತ್ತರ ಕೊಡುವ ಮೊದಲೇ ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಭರಮವ್ವ ಬಾಯಿ ಹಾಕಿದಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ನಾನು ಓದುವುದು ಗಟ್ಟಿಯಾಗಿ, ಹಾಗಾಗಿ ಹನ್ನೊಂದೂ ಕಥೆ ಅವಳ ಕಿವಿಗೆ ಬಿದ್ದಿದ್ದವು.

‘ಅಕ್ಕಾರ, ಬಿಟ್ಟ ಮರಿ ಕಿವಿ ನಾವು ಕೊಯ್ಯಂಗಿಲ್ಲಲ್ರಿ,’ ಎಂದಳು.

ನೀನು ನಮ್ಮ ಹಟ್ಟಿಯಲ್ಲಿ ಬೆಳೆದವಳಲ್ಲ, ನಿನಗೆ ಇದನ್ನು ಬಿಡಿಸಿ ಹೇಳಬೇಕು. ಪ್ರತಿ ಮನೆಯ ಕುರಿಗೂ ಕಿವಿಯಲ್ಲಿ ಒಂದು ಕಚ್ಚಿನ ಗುರುತು ಇರುತ್ತದೆ. ನಮ್ಮದು ಎಡಗಿವಿಯ ತುದಿಗೆ ಎರಡು. ದಾರಿ ತಪ್ಪಿ ಬಂದ ಮರಿಗೆ ಒಡೆಯ ಸಿಗದಿದ್ದರೆ ನಮ್ಮ ಗುರುತು ಕೊಯ್ದು ನಮ್ಮದು ಮಾಡಿಕೊಳ್ಳುತ್ತೇವೆ. ಆದರೆ ಕುರಿಗಾರನೊಬ್ಬ ಸತ್ತಾಗ ಹಟ್ಟಿಯ ಪ್ರತಿ ಮನೆಯವರೂ ಒಂದೊಂದು ಹೆಣ್ಣು ಮರಿಯನ್ನು ಅವನ ಹಿಂಡಿಗೆ ಬಿಡುತ್ತಾರೆ. ಸತ್ತವನ ಹಿಂಡು ಅವನ ಹೆಸರಿನಲ್ಲೇ ಬೆಳೆಯಲಿ ಎಂದು. ಆ ಮರಿಗಳಿಗೆ ಮಾತ್ರ ಮನೆಯವರು ತಮ್ಮ ಗುರುತು ಹಾಕುವಂತಿಲ್ಲ. ಕೊಟ್ಟವರ ಕಚ್ಚು ಕಿವಿಯಲ್ಲಿ ಇದ್ದಂತೆಯೇ ಅದು ನಮ್ಮ ಹಿಂಡಿನಲ್ಲಿ ಮೇಯಬೇಕು. ನಾಳೆ ಯಾರಾದರೂ ನೋಡಿದರೆ ಎಷ್ಟು ಮನೆಯವರು ಇವನನ್ನು ನೆನೆದರು ಎಂದು ಕಿವಿ ನೋಡಿಯೇ ತಿಳಿಯಬೇಕು.

ಮಾಲಿಂಗಪ್ಪ ಹೋದಾಗ ಒಂಬತ್ತು ಮರಿ ಬಂದಿದ್ದವು. ನಾವೇನು ಭಿಕ್ಷೆಗೆ ನಿಂತಿಲ್ಲ ಎಂದು ಒಂಬತ್ತನ್ನೂ ತಿರುಗಿ ಕಳಿಸಿದೆ. ಹೊಡೆದುಕೊಂಡು ಹೋಗಿ ಮನೆಮನೆಗೆ ಮುಟ್ಟಿಸಿ ಬಂದವನು ಬೀರಸಿದ್ದ, ಹನ್ನೊಂದು ವರ್ಷದವ. ಬಂದು ಊಟ ಮಾಡದೆ ಮಲಗಿದ.

ಭರಮವ್ವ ಉಣ್ಣೆಯಿಂದ ಕಣ್ಣೆತ್ತದೆ ಇನ್ನೊಂದು ಮಾತು ಸೇರಿಸಿದಳು. ‘ಆವಾಗ ಬಂದ ಮರಿ ಹೊಳ್ಳಿ ಕಳಿಸಿದ್ರಿ. ಈಗ ಒಳಗ ಕರಕೊಂಡು ಕಿವಿ ಕೊಯ್ದ್ರಿ. ಅಕ್ಕಾರ ಸಾಲಿ ಕಲತಾರ, ಅದಕ್ಕ ಎರಡೂ ತಪ್ಪು ಮಾಡಾಕ ಬಂತು.’

ಸತ್ಯಪ್ಪ ನಗು ತಡೆಯಲು ಚಹಾ ಕುಡಿದ. ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ನನಗೆ ಎದುರು ಮಾತಾಡಿದವರು ಇಬ್ಬರೇ. ಒಬ್ಬಳು ಅವಳು. ಇನ್ನೊಬ್ಬ ನಿನ್ನನ್ನು ಮದುವೆಯಾಗಿ ಹುಕ್ಕೇರಿಗೆ ಹೋದ.

ಅವತ್ತು ಸಂಜೆ ಸತ್ಯಪ್ಪ ಬಿಟ್ಟುಹೋದ ಗಂಟಿನಿಂದ ನಿನ್ನ ಕಥೆ ಮತ್ತೆ ತೆಗೆದೆ. ನಾನು ಎರಡನೆಯ ಪುಟಕ್ಕೇ ಗೆರೆ ಎಳೆದಿದ್ದೆ, ಮುಂದೆ ಓದಿರಲಿಲ್ಲ. ಕೊನೆಯಲ್ಲಿ ಮಗನ ಹೆಂಡತಿ ಆ ದಡ್ಡಿಗೆ ಬರುತ್ತಾಳೆ. ಮುದುಕಿ ಅವಳನ್ನು ಹೊರಗೇ ನಿಲ್ಲಿಸುತ್ತಾಳೆ. ಅವಳು ಹೊರಗೆ ನಿಂತು ಮುದುಕಿಯ ಕೈಯ ಕನ್ನಡಿ ನೋಡುತ್ತಾಳೆ. ಎಂದೂ ಕರೆಯದವಳ ಕನ್ನಡಿಗೆ ಧೂಳು ಹಿಡಿದಿರಬೇಕಿತ್ತು. ಹಿಡಿದಿಲ್ಲ. ದಿನವೂ ಯಾರೋ ಉಜ್ಜಿ ಹೊಳಪು ಮಾಡಿದ್ದಾರೆ. ಅವಳು ಅದನ್ನು ಕಂಡು ತನ್ನ ದಾರಿ ಹಿಡಿಯುತ್ತಾಳೆ.

ಸಾತವ್ವ, ನೀನು ಮದುವೆಯಾದ ಹೊಸದರಲ್ಲಿ ಅವನ ಜತೆ ಬಂದ ದಿನ ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿ, ನಿನ್ನ ಕೇರಿ ಯಾವುದೆಂದು ಮಂದಿಯ ಮುಂದೆ ಕೇಳಿದೆ. ಗೊತ್ತಿದ್ದೂ ಕೇಳಿದೆ. ನೀನು ತಗ್ಗದೆ ಹೇಳಿದೆ. ನೀರು ಸಹ ಕೊಡಿಸಲಿಲ್ಲ. ಅವನನ್ನು ಮಣ್ಣು ಮಾಡುವ ದಿನವೂ ನೀನು ಹೊಲದ ಬದುವಿನಲ್ಲಿ ನಿಂತು ಅಳುತ್ತಿದ್ದೆ, ನಾನು ಹತ್ತಿರ ಕರೆಯಲಿಲ್ಲ. ಇಷ್ಟಾದ ಮೇಲೂ ಪುಸ್ತಕಕ್ಕೆ ನನ್ನ ಒಪ್ಪಿಗೆ ಬೇಕೆಂದವಳು ನೀನು. ಕ್ಷಮೆ ಕೇಳುವ ಪತ್ರ ಹೇಗೆ ಬರೆಯುವುದೆಂದು ನಮಗೆ ಸಾಲಿಯಲ್ಲಿ ಕಲಿಸಲಿಲ್ಲ. ನಡೆದದ್ದನ್ನು ನಡೆದಂತೆ ಬರೆಯಬಲ್ಲೆ, ಬರೆದಿದ್ದೇನೆ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ನಿನ್ನನ್ನು ಕೇಳಿ ಮಾಡಿದ್ದಲ್ಲ, ಆಗಿ ಹೋಗಿದೆ.

ಕೆಂಪು ಪೆನ್ಸಿಲ್ಲಿನ ಗೆರೆ ಅಳಿಸಿದರೆ ಕಾಗದ ಹರಿಯುತ್ತದೆ. ಆದ್ದರಿಂದ ಹನ್ನೊಂದು ಕಥೆಗಳನ್ನೂ ಹೊಸ ಹಾಳೆಯ ಮೇಲೆ ನನ್ನ ಕೈಯಿಂದ ತಿರುಗಿ ಬರೆದೆ. ಹತ್ತೊಂಬತ್ತು ದಿನ ಹಿಡಿಯಿತು. ನಾಯಿ ಬೊಗಳಿತು, ಬೊಗಳಲಿ ಎಂದು ಬರೆದೆ. ಮಳೆ ನಾಲ್ಕೂ ಪುಟ ಸುರಿಯಿತು. ಕಂಡಕ್ಟರನ ಒಂಟಿ ಸೂರ್ಯನ ಹತ್ತಿರ ಮಾತ್ರ ಕೈ ತಡೆಯಿತು, ಅದನ್ನೂ ಹಾಗೇ ಬಿಟ್ಟೆ. ಬಿಟ್ಟುಹೋದ ಐವರಿಗೂ ಒಂದೊಂದು ಕಾರ್ಡು ಹಾಕಿದೆ: ‘ನೀವು ಬರೆದದ್ದು ನಿಮ್ಮದು. ತಿದ್ದಿದ್ದು ನನ್ನ ತಪ್ಪು.’ ನಾಲ್ವರು ಒಪ್ಪಿ ಮರಳಿದರು. ಕಂಪೌಂಡರ ಉತ್ತರ ಕೊಟ್ಟಿರಲಿಲ್ಲ, ಅವನ ಮನೆಗೇ ಹೋಗಿ ಬಂದೆ. ಅವನು ಗಾಬರಿಯಾಗಿ ನನಗೆ ಕುರ್ಚಿ ಕೊಟ್ಟು ತಾನು ನಿಂತೇ ಇದ್ದ. ನಾನು ಹೊರಡುವಾಗ ಹಾಲಹಟ್ಟಿಯಲ್ಲಿ ಖರೆ ಮಳೆ ಆಗಂಗಿಲ್ಲೇನ್ರಿ ಎಂದು ಕೇಳಿದ. ನಿಮ್ಮ ಕಥೆಯಲ್ಲಿ ಆಗುತ್ತದೆ ಎಂದೆ.

ನಿನ್ನೆ ಬಸ್ಸಿಗೆ ಮೂಡಲಗಿಗೆ ಹೋಗಿ ಸತ್ಯಪ್ಪನ ಮುಂದೆ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ. ನಿನ್ನ ಕಥೆ ಒಂದು ಅಕ್ಷರವೂ ಕದಲದೆ ಎಲ್ಲಕ್ಕೂ ಮೊದಲು ಬರುತ್ತದೆ. ನೀನು ‘ಸಾತವ್ವ ಕಾಂಬಳೆ’ ಎಂದು ಸಹಿ ಮಾಡಿದ್ದೆ. ಅದರ ಮುಂದೆ ಪೂಜೇರಿ ಎಂದು ಸೇರಿಸಲೇ ಎಂದು ಸತ್ಯಪ್ಪ ಕೇಳಿದ. ದಸರೆಯಲ್ಲಿ ಕೇಳಿದ್ದರೆ ಮನೆತನದ ಮರ್ಯಾದೆಗೆ ಅಂಜಿ ಬೇಡ ಎನ್ನುತ್ತಿದ್ದೆ. ನಿನ್ನೆಯೂ ಬೇಡ ಎಂದೆ, ಕಾರಣ ಬೇರೆ. ಅದು ಕೊಟ್ಟವಳ ಗುರುತು, ಸೇರಿಸುವುದಾದರೆ ಅವಳೇ ಸೇರಿಸಬೇಕು ಎಂದೆ. ಪುಸ್ತಕದ ಮೊದಲ ಫಾರ್ಮಿಗೆ ಅಚ್ಚಿನ ಮೊಳೆ ಜೋಡಿಸುವುದನ್ನು ನಿಂತು ನೋಡಿ ಬಂದೆ. ಇನ್ನು ಅದನ್ನು ಯಾರೂ ತಿರುಗಿಸುವಂತಿಲ್ಲ, ನಾನೂ ಸಹ.

ಇಂತಿ,
ನಿನ್ನ ಗಂಡನ ತಾಯಿ
ಹಣಮವ್ವ ಮಾಲಿಂಗಪ್ಪ ಪೂಜೇರಿ

ತಾ.ಕ.: ಆ ಲೋಕದಲ್ಲಿ ತಾಯಿ ಇಲ್ಲ ಎಂದು ನಾನು ಬರೆದದ್ದು ಸುಳ್ಳು, ಬರೆಯುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಮೊದಲ ಕಥೆಯಿಂದಲೂ ನಾನು ಆ ಮಾಸಿಕ ತರಿಸುತ್ತಿದ್ದೆ, ಮೂಡಲಗಿಯ ರಾಜಪ್ಪನ ಬಾಂಡೆ ಪಾತ್ರೆಯ ಅಂಗಡಿಯ ವಿಳಾಸಕ್ಕೆ, ಕಾಡವ್ವ ಎಂಬ ಹೆಸರಿನಲ್ಲಿ. ಅವನು ತೀರುವ ಒಂದು ತಿಂಗಳು ಮೊದಲು ಅದೇ ಹೆಸರಿನಿಂದ ಒಂದು ಪತ್ರ ಹಾಕಿ, ನಿಮ್ಮ ಲೋಕದಲ್ಲಿ ತಾಯಿ ಏಕಿಲ್ಲ ಎಂದು ಕೇಳಿದ್ದೆ. ಅವನ ಉತ್ತರ ಒಂದು ಕಾರ್ಡಿನಲ್ಲಿ ಬಂತು: ‘ತಾಯಿಯನ್ನು ಬರೆಯಬೇಕೆಂದು ಮೂರು ಸಲ ಕೂತೆ. ಆಕೆ ನನ್ನ ಮಾತು ಕೇಳುವುದಿಲ್ಲ. ಮತ್ತೊಮ್ಮೆ ಕೂಡುತ್ತೇನೆ.’ ಅವನಿಗೆ ಅಕ್ಷರ ತೀಡಿಸಿದವಳು ನಾನು. ನನ್ನ ಕೈಬರಹ ಅವನಿಗೆ ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ನಂಬುವಷ್ಟು ತಿಳಿಗೇಡಿಯಲ್ಲ. ಆ ಕಾರ್ಡನ್ನು ಇದರ ಜತೆ ಕಳಿಸುತ್ತಿಲ್ಲ, ಅಂಚೆಯಲ್ಲಿ ಕಳೆದುಹೋದೀತು. ನೀನೇ ಬಂದು ಓದು. ಒಳಗೆ ಬಂದು, ಕೂತು ಓದು.